ಒಳಗೆ ಇದ್ದರೆ ಸ್ವಲ್ಪ ತಡೆ

ನಮ್ಮ ಡಾಕ್ಟರರ ಬಲಗಿವಿ ಎಡಗಿವಿಗಿಂತ ಯಾವಾಗಲೂ ಹೆಚ್ಚು ಕೆಂಪಗಿರುತ್ತಿತ್ತು. ಯಾರಾದರೂ ಅವರ ಮುಂದೆ ಖಡಾಖಂಡಿತವಾಗಿ ಒಂದು ಮಾತು ಹೇಳಿದರೆ ಸಾಕು, ಅವರ ಕೈ ತಾನಾಗಿ ಬಲಗಿವಿಯ ಹಾಲೆಗೆ ಹೋಗುತ್ತಿತ್ತು. ಅದನ್ನು ಹಿಂಡುತ್ತ, ತಿರುಚುತ್ತ, ಕಣ್ಣು ಕಿರಿದು ಮಾಡಿ ಎದುರಿನವರನ್ನು ನೋಡುತ್ತಿದ್ದರು. ಬಂಟ್ವಾಳ ಪೇಟೆಯಲ್ಲಿ ಖಡಾಖಂಡಿತವಾಗಿ ಮಾತಾಡುವವರಿಗೆ ಎಂದೂ ಬರಗಾಲ ಇರಲಿಲ್ಲವಾದ್ದರಿಂದ ಆ ಕಿವಿಗೆ ವಿಶ್ರಾಂತಿ ಸಿಗಲಿಲ್ಲ. ಎದುರಿನವರ ಮಾತು ಮುಗಿದ ಮೇಲೆ ಕಿವಿ ಬಿಟ್ಟು ಅವರು ಹೇಳುತ್ತಿದ್ದುದು ಒಂದೇ: "ನನಗೆ ಸಂಶಯ ಉಂಟು."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಉಳಿದವರು ಬಾಯಲ್ಲಿ ಹೇಳುತ್ತಾರೆ, ಈ ಮನುಷ್ಯ ಅದನ್ನೇ ಉಂಡು ಉಟ್ಟು ಬದುಕಿದವರು. ಜ್ವರ ನೋಡಲು ಒಂದು ಥರ್ಮಾಮೀಟರ್ ಇಟ್ಟು ತೆಗೆದ ಮೇಲೆ ಇನ್ನೊಂದನ್ನು ಇಡುತ್ತಿದ್ದರು. ಕಂಪೌಂಡರ್ ಕಲಸಿದ ಮಿಕ್ಸ್ಚರನ್ನು ಮೊದಲು ತಮ್ಮ ನಾಲಗೆಗೆ ಬಿಟ್ಟು ನೋಡುತ್ತಿದ್ದರು. ಬೆಳ್ತಂಗಡಿ ಎಂದು ಬೋರ್ಡು ಹಾಕಿಕೊಂಡು ನಿಂತ ಬಸ್ಸು ಹತ್ತುವಾಗಲೂ ಕಂಡಕ್ಟರನ ಹತ್ತಿರ "ಇದು ಬೆಳ್ತಂಗಡಿಗೆ ಹೋಗ್ತದಾ?" ಎಂದು ಕೇಳುತ್ತಿದ್ದರು, ಅವನು ಹೌದೆಂದರೆ ಡ್ರೈವರನನ್ನು ಕೇಳುತ್ತಿದ್ದರು. ದೇವಸ್ಥಾನಕ್ಕೆ ಹೋಗುತ್ತಿರಲಿಲ್ಲ, ಹೋಗುವವರನ್ನು ಗೇಲಿಯೂ ಮಾಡುತ್ತಿರಲಿಲ್ಲ. ಭಕ್ತರು ಅವರನ್ನು ನಾಸ್ತಿಕ ಎಂದರು, ನಾಸ್ತಿಕರು ಒಳಗೊಳಗೆ ಭಕ್ತ ಎಂದರು. ಒಟ್ಟಿನಲ್ಲಿ ಊರನ್ನೆಲ್ಲ ಸಂಶಯದಿಂದ ನೋಡುವ ಮನುಷ್ಯನನ್ನು ಊರೂ ಸಂಶಯದಿಂದಲೇ ನೋಡುತ್ತಿತ್ತು. ನಾನೂ ನೋಡಿದೆ, ಬಹಳ ವರ್ಷ.

ಅವರು ನನ್ನ ಬದುಕಿನೊಳಗೆ ಬಂದದ್ದು ನಾನು ಸಾಯಲು ಮಲಗಿದ್ದಾಗ. ಐವತ್ತರ ದಶಕದ ಆರಂಭ. ನಮ್ಮ ಮನೆ ಪುಂಜಾಲಕಟ್ಟೆಯಿಂದ ಒಳಗೆ. ಹೈಸ್ಕೂಲಿಗೆ ಹೋಗುತ್ತಿದ್ದ ವರ್ಷ ನನಗೆ ವಿಷಮಶೀತ ಜ್ವರ ಹಿಡಿದು, ಎರಡನೆಯ ವಾರ ಪ್ರಜ್ಞೆ ಹೋಯಿತು. ಕಣ್ಣು ಅರ್ಧ ತೆರೆದೇ ಇತ್ತಂತೆ. ಕರೆದರೆ ಓಗೊಡುವುದಿಲ್ಲ, ಚಿವುಟಿದರೆ ಅಲುಗುವುದಿಲ್ಲ. ಇಲ್ಲಿಂದ ಮುಂದೆ ಬರೆಯುವುದರಲ್ಲಿ ನಾನೇ ಕೇಳಿದ್ದೆಷ್ಟು, ಅಮ್ಮ ಆಮೇಲೆ ಹೇಳಿದ್ದೆಷ್ಟು ಎಂದು ಬೇರೆ ಮಾಡಿ ತೋರಿಸು ಎಂದರೆ ನನ್ನಿಂದಾಗದು. ಆ ಕಷ್ಟವೇ ಈ ಬರಹದ ಕಥೆ.

ನಮ್ಮ ಮನೆಯ ಯಜಮಾನರು ಸೋದರಮಾವ. ವೇದಾಂತದ ಉಪನ್ಯಾಸ ಎಲ್ಲಿದ್ದರೂ ಕೊಡೆ ಹಿಡಿದು ಹೊರಡುವವರು. ಲೋಕದಲ್ಲಿ ಇರುವುದು ಚೈತನ್ಯ ಒಂದೇ, ಕಲ್ಲು ಮಣ್ಣು ಮೈ ಮಾಂಸ ಎಲ್ಲ ಅದರ ತೋರಿಕೆ ಎಂದು ಅವರ ಸಿದ್ಧಾಂತ. ಬಂಟ್ವಾಳದ ಬೀಡಿ ಯೂನಿಯನ್ನಿನಲ್ಲಿ ಕೆಲಸ ಮಾಡುತ್ತಿದ್ದ ನನ್ನ ಅಣ್ಣನದು ಇದಕ್ಕೆ ತದ್ವಿರುದ್ಧ. ಇರುವುದು ಜಡವಸ್ತು ಒಂದೇ. ಎಣ್ಣೆ ಬತ್ತಿ ಇದ್ದರೆ ಬೆಳಕು, ಮೆದುಳು ಇದ್ದರೆ ಮನಸ್ಸು, ಉಳಿದದ್ದೆಲ್ಲ ಪುರೋಹಿತರ ಮತ್ತು ಧಣಿಗಳ ಕಟ್ಟುಕಥೆ. ಊಟಕ್ಕೆ ಕುಳಿತರೆ ಇವರಿಬ್ಬರ ವಾದಕ್ಕೆ ಅನ್ನ ತಣ್ಣಗಾಗುತ್ತಿತ್ತು. ಮಳೆ ಬರುತ್ತದೆಯೋ ಇಲ್ಲವೋ ಎಂಬುದರಲ್ಲಿ ಕೂಡ ಅವರು ಒಮ್ಮತಕ್ಕೆ ಬಂದವರಲ್ಲ. ಅಂಥವರು ಜೀವಮಾನದಲ್ಲಿ ಒಂದೇ ಒಂದು ವಿಷಯದಲ್ಲಿ ಒಪ್ಪಿಕೊಂಡರು, ಅದು ನನ್ನ ಸಾವು. ಆತ್ಮ ಆಗಲೇ ಹೊರಟಿದೆ, ಇದು ಬರೀ ಗೂಡು ಎಂದರು ಮಾವ. ಅಣ್ಣ ಅಳುತ್ತಲೇ, ಮೆದುಳು ಹೋದ ಮೇಲೆ ಮುಗಿಯಿತು, ಇನ್ನು ಅವಳನ್ನು ಹಿಂಸಿಸುವುದು ಬೇಡ ಎಂದ.

ನಮ್ಮ ಕಡೆ ಸಾಯುವವರನ್ನು ಮಂಚದ ಮೇಲೆ ಸಾಯಲು ಬಿಡುವ ಕ್ರಮ ಇಲ್ಲ. ನೆಲಕ್ಕೆ ಇಳಿಸಿ ಚಾಪೆಯ ಮೇಲೆ ಮಲಗಿಸುತ್ತಾರೆ. ಆಮೇಲೆ ಮನೆಯವರು ಒಬ್ಬೊಬ್ಬರಾಗಿ ಬಂದು ತುಳಸಿ ಹಾಕಿದ ನೀರನ್ನು ಬಾಯಿಗೆ ಬಿಡುತ್ತಾರೆ. ಪ್ರೀತಿಯಿಂದಲೇ ಬಿಡುತ್ತಾರೆ, ಬಿಡದೆ ಹೋದರೆ ಆ ಕೊರಗು ಉಳಿದವರಿಗೆ ಸಾಯುವ ತನಕ. ಪ್ರಜ್ಞೆ ಇಲ್ಲದವರ ಗಂಟಲಿಗೆ ಇಳಿಯುವ ನೀರು ಎಲ್ಲಿಗೆ ಹೋಗುತ್ತದೆ, ಹೊಟ್ಟೆಗೋ ಶ್ವಾಸಕ್ಕೋ ಎಂದು ಕೇಳಿದವರು ಯಾರೂ ಇರಲಿಲ್ಲ. ನನ್ನನ್ನೂ ಇಳಿಸಿದ್ದರು. ತುಳಸಿ ನೀರಿನ ತಂಬಿಗೆ ತಲೆಯ ಪಕ್ಕಕ್ಕೆ ಬಂದಿತ್ತು. ನೆರೆಕರೆಯವರು ಬಾಗಿಲಲ್ಲಿ ಸೇರಿದ್ದರು. ಆ ಹೊತ್ತಿಗೆ, ಅಮ್ಮ ಹೇಳಿಕಳುಹಿಸಿದ್ದ ಡಾಕ್ಟರರು ಮನೆಯ ಚಾವಡಿ ಹತ್ತಿದರು.

ಮೊದಲು ನನ್ನ ಕಣ್ಣಿಗೆ ಟಾರ್ಚು ಬಿಟ್ಟರಂತೆ, ನಾಡಿ ಹಿಡಿದರಂತೆ, ಎರಡು ಥರ್ಮಾಮೀಟರನ್ನೂ ಇಟ್ಟರಂತೆ. ಆಮೇಲೆ ಇವಳನ್ನು ಮಂಚಕ್ಕೆ ಹಾಕಿ ಎಂದರು. ಇಳಿಸಿದವರನ್ನು ಮತ್ತೆ ಮಂಚಕ್ಕೆ ಏರಿಸುವುದು ಮನೆಗೆ ಅರಿಷ್ಟ ಎಂದು ಮಾವ ಕಡ್ಡಿ ಮುರಿದಂತೆ ಹೇಳಿದರು. ಡಾಕ್ಟರರ ಕೈ ಕಿವಿಗೆ ಹೋಯಿತು.

"ಇವಳು ಹೋಗಿದ್ದಾಳೆ ಅಂತ ನಿಮಗೆ ಗೊತ್ತುಂಟಾ?"

"ನೋಡಿದರೆ ಗೊತ್ತಾಗುದಿಲ್ವಾ ಡಾಕ್ಟ್ರೇ?"

"ನಾನೂ ನೋಡ್ತಾ ಇದ್ದೇನೆ. ನನಗೆ ಸಂಶಯ ಉಂಟು. ಸಂಶಯ ಹೋಗುವ ತನಕ ನೀರು ಬಿಡ್ಲಿಕ್ಕಿಲ್ಲ."

ಮಾವ ಮರ್ಯಾದಸ್ಥರು, ಆದರೆ ಹಟವಾದಿ. ಕ್ರಮ ಎಂದರೆ ಕ್ರಮ. ಬಾಗಿಲಲ್ಲಿ ನಿಂತವರೂ ಗುಜುಗುಜು ಶುರು ಮಾಡಿದರು. ಆಗ ಡಾಕ್ಟರರು ಪ್ಯಾಂಟು ಹಾಕಿಕೊಂಡೇ ನನ್ನ ಚಾಪೆಯ ಪಕ್ಕದಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಕುಳಿತರು. ತಂಬಿಗೆ ಎತ್ತಿಕೊಂಡರು. ಬಿಸಿಲಲ್ಲಿ ನಡೆದು ಬಂದದ್ದು, ಬಹಳ ಬಾಯಾರಿಕೆ ಎಂದು ಹೇಳಿ, ನನ್ನ ಕೊನೆಯ ನೀರನ್ನು ತುಳಸಿ ಸಮೇತ ಗಟಗಟ ಕುಡಿದು ಮುಗಿಸಿದರು! ಸಾಯುವವರ ನೀರನ್ನು ಬದುಕಿದ್ದವನು ಕುಡಿದರೆ ಏನು ಮಾಡಬೇಕು ಎನ್ನುವುದಕ್ಕೆ ಮಾವನ ಯಾವ ಉಪನ್ಯಾಸದಲ್ಲಿಯೂ ಉತ್ತರ ಇರಲಿಲ್ಲ.

ಆಮೇಲೆ ಅವರು ಬಗ್ಗಿ ನನ್ನ ಕಿವಿಯ ಹತ್ತಿರ ಬಾಯಿ ತಂದರು. ನಾನು ಕೇಳಿದೆ ಎಂದು ಪ್ರಮಾಣ ಮಾಡಿ ಹೇಳುತ್ತಿದ್ದ ಮಾತು ಇದು. ತುಳುವಿನಲ್ಲಿ ಹೇಳಿದ್ದು, ಪಿಸುಮಾತಿನಲ್ಲಿ.

"ನೀನು ಒಳಗೆ ಇದ್ದರೆ ಸ್ವಲ್ಪ ತಡೆ ಮಗಾ. ಹೊರಗೆ ಇವರನ್ನು ನಾನು ನೋಡಿಕೊಳ್ತೇನೆ."

ನೋಡಿಕೊಂಡರು. ಮರುದಿನದಿಂದ ಅವರ ಕಂಪೌಂಡರ್ ದಿನಾ ಬಂದು ಇಂಜೆಕ್ಷನ್ ಕೊಟ್ಟು ಹೋಗುತ್ತಿದ್ದ. ಡಾಕ್ಟರರು ಬಸ್ಸು ಸಿಕ್ಕಿದಾಗಲೆಲ್ಲ ಬಂದರು. ನನ್ನ ಹತ್ತಿರ ಯಾರೂ ಅಪಶಕುನದ ಮಾತು ಆಡಬಾರದು ಎಂದು ಕಟ್ಟಪ್ಪಣೆ ಮಾಡಿದರು. ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ನಾನು ಗಂಜಿ ಕೇಳಿದೆನಂತೆ. ಅಮ್ಮ ಗಂಜಿ ತರುವ ಬದಲು ಅಂಗಳಕ್ಕೆ ಓಡಿಹೋಗಿ ಅತ್ತರು.

ಇಷ್ಟರಲ್ಲಿ ಕಥೆ ಮುಗಿದು, ಡಾಕ್ಟರರು ದೇವರಾಗಿ, ನಾವು ಕೈ ಮುಗಿದು ಕೂರಬೇಕಿತ್ತು. ಆದರೆ ನನಗೆ ಎದ್ದು ಕೂರುವಷ್ಟು ಶಕ್ತಿ ಬಂದ ದಿನ ಅವರು ಬಂದು ಕುರ್ಚಿ ಎಳೆದುಕೊಂಡು, ಮಲಗಿದ್ದಾಗ ಏನಾದರೂ ಕೇಳುತ್ತಿತ್ತೋ ಎಂದು ವಿಚಾರಿಸಿದರು. ನಾನು ಹುರುಪಿನಿಂದ ಎಲ್ಲ ಹೇಳಿದೆ: ಮಾವನ ಮಾತು, ಅಣ್ಣನ ಅಳು, ತಂಬಿಗೆಯ ಸದ್ದು, ಕಿವಿಯಲ್ಲಿ ಹೇಳಿದ್ದು. ಸಂತೋಷಪಟ್ಟು ಬೆನ್ನು ತಟ್ಟಿಯಾರು ಎಂದುಕೊಂಡಿದ್ದೆ. ಅವರು ಕಿವಿ ಹಿಂಡಿಕೊಂಡರು. ಯಾರು ಹೇಳಿಕೊಟ್ಟದ್ದು ಎಂದರು.

ಅಮ್ಮನನ್ನು ಕರೆದು ವಿಚಾರಣೆ ಮಾಡಿದರು. ಬಂದ ನೆಂಟರಿಗೆಲ್ಲ ತಂಬಿಗೆಯ ಕಥೆಯನ್ನು ನನ್ನ ತಲೆದೆಸೆಯಲ್ಲೇ ಕುಳಿತು ಹೇಳಿದ್ದು ನಿಜ ಎಂದು ಅಮ್ಮ ಒಪ್ಪಿಕೊಂಡರು. ಕಿವಿಯಲ್ಲಿ ಹೇಳಿದ ಮಾತು ಅಮ್ಮನಿಗೂ ಗೊತ್ತಿಲ್ಲವಲ್ಲ ಎಂದು ನಾನು ವಾದಿಸಿದೆ. ಅದನ್ನು ತಾನು ಪ್ರಜ್ಞೆ ಇಲ್ಲದ ಎಲ್ಲರ ಕಿವಿಯಲ್ಲಿಯೂ ಹೇಳುವುದು, ಕಂಪೌಂಡರನಿಗೆ ಗೊತ್ತುಂಟು, ಅವನು ಇಂಜೆಕ್ಷನ್ ಕೊಡಲು ಬಂದಾಗ ಬಾಯಿ ಬಿಟ್ಟಿರಬೇಕು ಎಂದು ಅದನ್ನೂ ತಳ್ಳಿಹಾಕಿದರು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಆ ದಿನದ ಮಾತ್ರೆಯನ್ನು ಅವರು ಹೋದ ಮೇಲೆ ಕಿಟಿಕಿಯಿಂದ ಹೊರಗೆ ಎಸೆದೆ. ನಾನು ಒಳಗೆ ಇದ್ದೇನೆ ಎಂಬ ಸಂಶಯದ ಮೇಲೆಯೇ ಅಲ್ಲವೇ ಇವರು ನನ್ನನ್ನು ಉಳಿಸಿದ್ದು? ಈಗ ಹೌದು, ಇದ್ದೆ ಎಂದು ನಾನೇ ಹೇಳಿದರೆ ನಂಬುವುದಿಲ್ಲ ಎಂದರೆ ಇದೆಂಥ ನ್ಯಾಯ!

ಅದು ಅಲ್ಲಿಗೆ ನಿಲ್ಲಲಿಲ್ಲ. ಅಮ್ಮನ ಔಷಧಿಗೆಂದೋ ಮಾವನ ಉಬ್ಬಸಕ್ಕೆಂದೋ ಬಂಟ್ವಾಳಕ್ಕೆ ಹೋದಾಗಲೆಲ್ಲ ನನ್ನನ್ನು ಬೆಂಚಿನಿಂದ ಕರೆದು ಮತ್ತೆ ಕೇಳುತ್ತಿದ್ದರು. ಮಾವ ಮೊದಲು ಮಾತಾಡಿದರೋ ಅಣ್ಣನೋ? ತಂಬಿಗೆ ಯಾವ ಬದಿಯಲ್ಲಿತ್ತು? ಹಿಂದೆ ಹೇಳಿದ್ದಕ್ಕೂ ಈಗ ಹೇಳುವುದಕ್ಕೂ ಹೋಲಿಸುತ್ತಿದ್ದರು. ನಿಜ ಇದ್ದಷ್ಟೇ ಇರುತ್ತದೆ, ಬೆಳೆಯುವುದು ಸುಳ್ಳು ಮಾತ್ರ ಎಂದು ಅವರ ಲೆಕ್ಕ. ಕಳ್ಳನನ್ನು ಕೂಡ ಪೊಲೀಸರು ಇಷ್ಟು ಸಲ ಕೇಳುವುದಿಲ್ಲ. ಕೇಳಿ ಕೇಳಿ ನನಗೇ ಗೊಂದಲವಾಗತೊಡಗಿತು. ಒಮ್ಮೆ ಎಡಬದಿ ಎಂದಿದ್ದವಳು ಇನ್ನೊಮ್ಮೆ ಬಲಬದಿ ಎಂದೆ. ಅವರ ಮುಖ ಹಗುರಾಯಿತು. ನನ್ನನ್ನು ಸುಳ್ಳುಗಾತಿ ಎಂದು ಸಾಬೀತು ಮಾಡಲು ಇವರಿಗೇಕೆ ಇಷ್ಟು ಆಸೆ ಎಂದು ನನಗೆ ಆಗಲೇ ಗುಮಾನಿ ಬಂದಿತ್ತು.

ಮಾವ ಮತ್ತು ಅಣ್ಣ ಅವರ ಔಷಧಿಶಾಲೆಯಲ್ಲಿ ಎದುರುಬದುರಾದರೆ ಮನೆಯ ವಾದ ಅಲ್ಲಿಯೂ ಹೊತ್ತಿಕೊಳ್ಳುತ್ತಿತ್ತು. ಡಾಕ್ಟರರು ಇಬ್ಬರನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. ಚೈತನ್ಯವೇ ಮೂಲವಾದರೆ ಮೂಗಿಗೆ ನಾಲ್ಕು ಹನಿ ಕ್ಲೋರೋಫಾರ್ಮ್ ಹಿಡಿದ ಕೂಡಲೇ ಅದು ಎಲ್ಲಿಗೆ ಎದ್ದು ಹೋಗುತ್ತದೆ ಎಂದು ಮಾವನನ್ನು ಕೇಳುತ್ತಿದ್ದರು. ಅಣ್ಣ ನಗುತ್ತಿದ್ದ ಹಾಗೆಯೇ ಅವನ ಕಡೆ ತಿರುಗಿ, ಮಗ ತೀರಿದ ಎಂಬ ಒಂದು ತಂತಿ ಬಂದರೆ ಕಲ್ಲಿನಂಥ ಆಳು ಅಲ್ಲೇ ಕುಸಿದು ಬೀಳುತ್ತಾನಲ್ಲ, ಆ ಕಾಗದದ ಯಾವ ಜಡವಸ್ತು ಅವನನ್ನು ಬೀಳಿಸಿದ್ದು ಎನ್ನುತ್ತಿದ್ದರು. ಇಬ್ಬರೂ ಸೋತು ಕೂತಾಗ ಡಾಕ್ಟರರು ಗೆದ್ದವರ ಹಾಗೆ ಕಾಣುತ್ತಿರಲಿಲ್ಲ. ಯಾರಾದರೂ ಒಬ್ಬರು ತನ್ನನ್ನು ಸೋಲಿಸಿಯಾರು ಎಂದು ಕಾದು ಕೂತು, ಯಾರೂ ಸೋಲಿಸದೆ ಹೋದದ್ದಕ್ಕೆ ಬೇಸರಪಟ್ಟವರ ಹಾಗೆ ಕಾಣುತ್ತಿದ್ದರು.

ಅರವತ್ತರ ಹೊತ್ತಿಗೆ ನಾನು ಟ್ರೈನಿಂಗ್ ಮುಗಿಸಿ ಮೂಡುಬಿದಿರೆಯ ಒಂದು ಶಾಲೆಯಲ್ಲಿ ಟೀಚರಾದೆ. ಬಸದಿಯ ಹತ್ತಿರದ ಒಂದು ಜೈನರ ಮನೆಯಲ್ಲಿ ಬಾಡಿಗೆಗೆ ಕೋಣೆ ಸಿಕ್ಕಿತು. ಮನೆಯೊಡತಿ ವಯಸ್ಸಾದ ಹೆಂಗಸು. ಸೂರ್ಯ ಮುಳುಗುವ ಮೊದಲು ಊಟ ಮುಗಿಸಿ, ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳು ಸಾಯಬಾರದೆಂದು ಬಟ್ಟೆಯನ್ನು ಮತ್ತೆ ಅದೇ ಬಾವಿಯ ನೀರಿಗೆ ಜಾಲಾಡಿಸುವವರು. ಒಂದು ಸಂಜೆ ಅವರಿಗೆ ನಮ್ಮ ಮನೆಯ ಹಳೆಯ ವಾದವನ್ನೆಲ್ಲ ಹೇಳಿ, ಯಾವುದು ಮೂಲ ಅಮ್ಮಾ ಎಂದು ಕೇಳಿದೆ. ಅವರಿಗೆ ಇದು ಪ್ರಶ್ನೆಯಾಗಿಯೇ ತೋರಲಿಲ್ಲ. ಜೀವವೂ ಅನಾದಿ, ಪುದ್ಗಲವೂ ಅನಾದಿ, ಎರಡಕ್ಕೂ ಹುಟ್ಟಿಲ್ಲ, ಹುಟ್ಟದೇ ಇದ್ದವುಗಳಲ್ಲಿ ಅಣ್ಣ ಯಾರು ತಮ್ಮ ಯಾರು ಎಂದರು. ಪುದ್ಗಲ ಎಂದರೆ ಅವರಲ್ಲಿ ಜಡವಸ್ತು. ಆಮೇಲೆ ಡಾಕ್ಟರರು ನನ್ನನ್ನು ಇಷ್ಟು ವರ್ಷ ಸತಾಯಿಸಿದ್ದನ್ನು ಹೇಳಿದೆ. ಒಗೆದ ಬಟ್ಟೆ ಮಡಚುತ್ತಿದ್ದ ಅವರ ಕೈ ನಿಂತಿತು.

"ಲೋಕದ ಮೂಲ ಬೇಕಾದವರು ಒಂದು ಹುಡುಗಿಯ ಹಿಂದೆ ಯಾಕೆ ಬೀಳ್ತಾರೆ? ಅವರ ಮನೆಯಲ್ಲಿ ಯಾರಾದರೂ ಹಾಗೆ ಮಲಗಿದ್ದರಾ ಕೇಳಿ ನೋಡಿ."

ಸಂಶಯದ ಡಾಕ್ಟರರ ಕೈಯಲ್ಲಿ ಅಷ್ಟು ವರ್ಷ ಪಳಗಿಯೂ ನನಗೆ ಈ ಸಂಶಯ ಬಂದಿರಲಿಲ್ಲ. ಮುಂದಿನ ರಜೆಯಲ್ಲಿ ಬಂಟ್ವಾಳಕ್ಕೆ ಹೋದಾಗ ಡಾಕ್ಟರರು ಒಂದು ಹೆರಿಗೆಗೆ ಹೋಗಿದ್ದರು. ಕಂಪೌಂಡರನನ್ನು ಕೇಳಿದೆ. ಅವನು ಬಾಟಲಿಗಳನ್ನು ಒರೆಸುತ್ತ, ತಾನು ಹೇಳಿದ್ದೆಂದು ಎಲ್ಲಿಯೂ ಬಾಯಿ ಬಿಡಬಾರದು ಎಂದು ಮಾತು ತೆಗೆದುಕೊಂಡು ಹೇಳಿದ.

ಡಾಕ್ಟರರಿಗೆ ಮದುವೆಯಾಗಿತ್ತು. ಅವರು ಮದರಾಸಿನಿಂದ ಓದಿ ಬಂದ ಹೊಸತು. ಆಗ ಅವರಿಗೆ ಯಾವುದರಲ್ಲಿಯೂ ಸಂಶಯ ಇರಲಿಲ್ಲ; ಆತ್ಮ ಎಂದವರನ್ನು ಕಂಡರೆ ನಗುತ್ತಿದ್ದರು. ಮೊದಲ ಹೆರಿಗೆಯಲ್ಲಿ ಮಗು ಉಳಿಯಲಿಲ್ಲ. ಹೆಂಡತಿಗೆ ಜ್ವರ ಏರಿ ಪ್ರಜ್ಞೆ ಹೋಯಿತು. ಮಂಗಳೂರಿನಿಂದ ದೊಡ್ಡ ಡಾಕ್ಟರರನ್ನು ಕರೆಸಿದರು. ಅವರು ಏನು ಮಾಡುವ ಎಂದು ಕೇಳಿದಾಗ ಇವರು ಮಂಚದ ಕಾಲಬುಡದಲ್ಲಿ ನಿಂತು, ಗಟ್ಟಿಯಾಗಿಯೇ, "ಇನ್ನು ಎಂತ ಮಾಡಿ ಎಂತ ಪ್ರಯೋಜನ? ಇಲ್ಲಿ ಯಾರೂ ಇಲ್ಲ" ಎಂದರು. ಆ ಮಾತು ಮುಗಿಯುತ್ತಿದ್ದಂತೆ ಮಲಗಿದ್ದವರ ಮುಚ್ಚಿದ ಕಣ್ಣಿನ ಕೊನೆಯಿಂದ ಒಂದು ಹನಿ ಇಳಿದು ದಿಂಬಿಗೆ ಬಿತ್ತು. ಕಂಪೌಂಡರ್ ಬೋಗುಣಿ ಹಿಡಿದು ಪಕ್ಕದಲ್ಲೇ ನಿಂತಿದ್ದ, ನೋಡಿದ್ದಾನೆ. ಕಣ್ಣಿನ ಗ್ರಂಥಿಯಿಂದ ಹಾಗೆ ನೀರು ಒಸರುವುದುಂಟು, ಅದಕ್ಕೇನೂ ಅರ್ಥ ಇಲ್ಲ ಎಂದು ದೊಡ್ಡ ಡಾಕ್ಟರರು ಹೇಳಿದರು. ಇವರೂ ತಲೆಯಾಡಿಸಿದರು. ಸಂಜೆ ಆಕೆ ತೀರಿಕೊಂಡರು. ಕಿವಿ ಹಿಂಡಿಕೊಳ್ಳುವುದು ಶುರುವಾದದ್ದು ಆಮೇಲೆ.

ಅಯ್ಯೋ ದೇವರೇ ಎಂದು ನಾನು ಅದೇ ಬೆಂಚಿನ ಮೇಲೆ ಕುಳಿತೆ. ಚೈತನ್ಯವೋ ಜಡವೋ ಎಂಬುದು ಮಾವನಿಗೂ ಅಣ್ಣನಿಗೂ ಊಟದ ಹೊತ್ತಿನ ವಾದ. ಈ ಮನುಷ್ಯನಿಗೆ ಅದು ದಿಂಬಿನ ಮೇಲಿನ ಒಂದು ಹನಿ. ಅದು ಬರೀ ನೀರಾಗಿದ್ದರೆ ಅವರು ತಪ್ಪಿತಸ್ಥರಲ್ಲ, ಆದರೆ ಆಗ ಅವಳು ಆರಿಹೋದ ದೀಪ, ಮುಗಿಯಿತು. ಅದು ಅಳುವಾಗಿದ್ದರೆ ಒಳಗೆ ಅವಳು ಇದ್ದಳು. ತನ್ನ ಗಂಡನೇ ತನ್ನನ್ನು ಇಲ್ಲ ಎಂದು ಕೈಬಿಟ್ಟದ್ದನ್ನು ಕೇಳಿಸಿಕೊಂಡು ಸತ್ತಳು. ನಾನು ಎಲ್ಲ ಕೇಳುತ್ತಿತ್ತು ಎಂದು ಹುರುಪಿನಿಂದ ಹೇಳಿದಾಗಲೆಲ್ಲ ಅವರಿಗೆ ಹೇಗಾಗಿರಬೇಕು! ತಂಬಿಗೆ ಬಲಬದಿ ಎಂದು ತಪ್ಪಿ ಹೇಳಿದ ದಿನ ಅವರ ಮುಖ ಯಾಕೆ ಹಗುರಾಯಿತು ಎಂದು ನನಗೆ ಆಗ ತಿಳಿಯಿತು. ಅದಾದ ಮೇಲೆ ಅವರು ಕೇಳಿದಾಗಲೆಲ್ಲ ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೋ ಒಂದು ಹೇಳಿ ಎದ್ದು ಬರುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಅವರ ಹೃದಯ ಕೆಟ್ಟಿತು. ಔಷಧಿಶಾಲೆಯ ಮೇಲಿನ ಕೋಣೆಯಲ್ಲಿ ಮಲಗಿದ್ದಾರೆ, ಹೆಚ್ಚು ದಿನ ಇಲ್ಲ ಎಂದು ಕಂಪೌಂಡರ್ ಬಸ್ಸಿನವರ ಕೈಯಲ್ಲಿ ಹೇಳಿಕಳುಹಿಸಿದ. ಶಾಲೆಗೆ ರಜೆ ಹಾಕಿ ಹೊರಟೆ. ಸಿದ್ಧಕಟ್ಟೆಯ ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದಿಕೊಂಡೆ. ನನ್ನನ್ನು ಉಳಿಸಿದವರನ್ನು ಸಾಯುವ ಮೊದಲು ನಾನು ಆ ಹನಿಯಿಂದ ಬಿಡಿಸಬೇಕಿತ್ತು. ನನಗೆ ಬೇರೇನೂ ಬೇಕಿರಲಿಲ್ಲ.

ಎರಡು ದಿಂಬುಗಳಿಗೆ ಒರಗಿ ಕುಳಿತಿದ್ದರು. ಪಾದ ಊದಿತ್ತು. ನನ್ನನ್ನು ಕಂಡು, ಮೂಡುಬಿದಿರೆಯಿಂದ ಈ ಹೊತ್ತಿಗೆ ಬಸ್ಸು ಇಲ್ಲವಲ್ಲ, ಹೇಗೆ ಬಂದದ್ದು ಎಂದು ಸಂಶಯಪಟ್ಟರು. ನೀರು ಕುಡಿದು ಸುಧಾರಿಸಿಕೊಂಡರು. ನಾನು ಕಾಯುತ್ತಿದ್ದ ಪ್ರಶ್ನೆ ಬಂತು.

"ಆ ದಿನ ನಿನಗೆ ಎಂತ ಕೇಳಿತು?"

"ಎಂತ ಸಹ ಕೇಳಿರಲಿಲ್ಲ ಡಾಕ್ಟ್ರೇ. ಎಲ್ಲ ಅಮ್ಮ ಆಮೇಲೆ ಹೇಳಿದ್ದು. ನಾನು ಸಣ್ಣವಳು, ದೊಡ್ಡಸ್ತಿಕೆಗೆ ಹಾಗೆ ಹೇಳಿದೆ."

ಅವರು ನನ್ನನ್ನೇ ನೋಡಿದರು. ಕೆಳಗೆ ರಸ್ತೆಯಲ್ಲಿ ಯಾರೋ ಮೀನಿನ ಬುಟ್ಟಿ ಇಳಿಸಿ ಕೂಗುತ್ತಿದ್ದರು. ಕಂಪೌಂಡರ್ ಏನಾದರೂ ಹೇಳಿದನೋ ಎಂದು ಕೇಳಿದರು. ಇಲ್ಲ ಎಂದೆ. ನನ್ನ ದನಿ ನನಗೇ ಬೇರೆಯವರದ್ದಾಗಿ ಕೇಳಿತು. ಅವರ ಮುಖದಲ್ಲಿ ನಿಧಾನವಾಗಿ ನಗು ಮೂಡಿತು. ಅವರು ನಕ್ಕದ್ದನ್ನು ನಾನು ನೋಡಿದ್ದೇ ಕಡಿಮೆ.

"ಇಷ್ಟು ವರ್ಷ ನಿನ್ನ ಮಾತು ನಾನು ನಂಬಲಿಲ್ಲ. ಇವತ್ತು ನಂಬಿಕೆ ಬಂತು. ಈಗ ಹೇಳಿದ್ದಲ್ಲ, ಆಗ ಹೇಳಿದ್ದು. ಬಸ್ಸು ಹಿಡಿದು ಸುಳ್ಳು ಹೇಳ್ಲಿಕ್ಕೆ ಬಂದಿದ್ದೀ ಅಂದ್ರೆ ನೀನು ಕೇಳಿದ್ದಿ."

ನಾನು ಅತ್ತುಬಿಟ್ಟೆ. ಬಿಡಿಸಲು ಬಂದವಳು ಕಟ್ಟಿ ಹಾಕಿದ ಹಾಗಾಯಿತಲ್ಲ! ಇಲ್ಲ ಡಾಕ್ಟ್ರೇ, ನಿಜವಾಗಿ ಕೇಳಲಿಲ್ಲ ಎಂದು ಮತ್ತೆ ಮತ್ತೆ ಹೇಳಿದೆ. ಹೇಳಿದಷ್ಟೂ ಅವರ ನಂಬಿಕೆ ಗಟ್ಟಿಯಾಗುತ್ತಿದ್ದುದು ಕಾಣುತ್ತಿತ್ತು. ಅವರು ನನ್ನ ಕೈ ಹಿಡಿದು ಅಳಬೇಡ ಎಂದರು.

"ಹಾಗಾದರೆ ಅವಳೂ ಕೇಳಿದಳು. ಇರಲಿ. ನನ್ನ ಮೇಲೆ ಸಿಟ್ಟು ಮಾಡ್ಲಿಕ್ಕಾದರೂ ಅವಳು ಇದ್ದಳಲ್ಲ ಮಾರಾಯ್ತಿ. ನಾನು ಯಾರೂ ಇಲ್ಲ ಅಂದಾಗ ಅವಳು ಇದ್ದಳು."

ಆ ವಾರದಲ್ಲೇ ಅವರು ತೀರಿಕೊಂಡರು. ನೆಮ್ಮದಿಯಿಂದ ಹೋದರು, ಕೊನೆಯ ದಿನಗಳಲ್ಲಿ ಗೋಡೆಯ ಕಡೆ ತಿರುಗಿ ಏನೋ ಮಾತಾಡುತ್ತಿದ್ದರು ಎಂದು ಕಂಪೌಂಡರ್ ಹೇಳಿದ.

ಅವರಿಗೆ ಹೇಳದೆ ಉಳಿಸಿಕೊಂಡದ್ದು ಒಂದುಂಟು. ವರ್ಷ ವರ್ಷ ಅವರು ಕೆದಕಿ ಕೆದಕಿ ಕೇಳಿದ್ದರಿಂದ, ಆ ಚಾಪೆಯ ಮೇಲೆ ನಾನು ಕೇಳಿದ್ದೆಷ್ಟು, ಅಮ್ಮನ ಬಾಯಿಂದ ಬಂದದ್ದೆಷ್ಟು ಎಂಬುದು ನನಗೆ ಎಂದೋ ಕಲಸಿಹೋಗಿತ್ತು. ಅವರು ನನ್ನನ್ನು ನಂಬಿದ ಹೊತ್ತಿಗೆ ನನಗೇ ನನ್ನ ಮೇಲೆ ನಂಬಿಕೆ ಉಳಿದಿರಲಿಲ್ಲ. ಏನೂ ಕೇಳಿರಲಿಲ್ಲ ಎಂದು ಆ ದಿನ ನಾನು ಹೇಳಿದ್ದನ್ನು ಅವರು ಸುಳ್ಳೆಂದು ಹಿಡಿದರಲ್ಲ, ಅದು ಸುಳ್ಳೋ ನಿಜವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಮಾತು ಅವರ ಮುಂದೆ ನಾಲಗೆಯ ತುದಿಯವರೆಗೆ ಬಂದಿತ್ತು. ಅವರು ನಗುತ್ತಿದ್ದರು. ನುಂಗಿಕೊಂಡೆ.